ಚಳಿ ಬಾರದ ಊರಿನಲ್ಲಿ ಆಸ್ಪರಾಗಸ್

ಬೆಳಿಗ್ಗೆ ಸೊಪ್ಪಿನ ಬುಟ್ಟಿ ಹೊತ್ತು ಬರುವ ಅಜ್ಜಿ ಒಂದು ದಿನ ನಮ್ಮ ಗೇಟಿನ ಹತ್ತಿರ ನಿಂತು ಕಾಂಪೌಂಡಿನ ಒಳಗೆ ಇಣುಕಿ, "ಸಬ್ಸಿಗೇನ ಆಳೆತ್ತರ ಬಿಟ್ಕೊಂಡಿದ್ದೀಯಲ್ಲಮ್ಮಾ, ಇನ್ಯಾರು ತಿಂತಾರೆ ಅದನ್ನ?" ಅಂದರು. ಅದು ಸಬ್ಬಸಿಗೆಯಲ್ಲ ಅಜ್ಜಿ, ಆಸ್ಪರಾಗಸ್ ಎಂದೆ. ತಿನ್ನೋದಾ? ತಿನ್ನೋದೇ, ಆದರೆ ಈ ವರ್ಷ ಅಲ್ಲ. ಹಂಗಾರೆ ಬರೋ ವರ್ಷಾನಾ? ಅದೂ ಅನುಮಾನ. ಅಜ್ಜಿ ಸಿಂಬಿ ಸರಿಮಾಡಿಕೊಂಡು ಬುಟ್ಟಿ ಏರಿಸುತ್ತಾ ನನ್ನನ್ನು ನೋಡಿದ ನೋಟದಲ್ಲಿ ಈ ಬೆಳೆಯ ಅರ್ಧ ವಿಮರ್ಶೆ ಮುಗಿದಿತ್ತು. ಉಳಿದರ್ಧ ನನಗೆ ತಿಳಿಯಲು ನಾಲ್ಕೈದು ವರ್ಷ ಹಿಡಿಯಿತು.

ಮನೆಯಂಗಳದಲ್ಲಿ ಆಸ್ಪರಾಗಸ್ ಬೆಳೆಸುವ ವಿದ್ಯೆಗೆ ಒಂದು ಖಾಯಂ ಆಶ್ವಾಸನೆ ಇದೆ: ಒಮ್ಮೆ ನೆಟ್ಟರೆ 20 ವರ್ಷ ಕೊಯ್ಯಬಹುದು. ಯಾವ ಇಂಗ್ಲಿಷ್ ಕೈಪಿಡಿ ತೆರೆದರೂ ಇದೇ ಮಾತು, ಅದರ ಹಿಂದೆಯೇ ವ್ರತದ ಕಟ್ಟಳೆಗಳಂತೆ ಒಂದಿಷ್ಟು ವಿಧಿ. ಉದ್ದಕ್ಕೆ ತೋಡು ತೆಗೆದು, 15–20 ಸೆಂಟಿಮೀಟರ್ ಆಳದಲ್ಲಿ ಬೇರುಬುಡವನ್ನು ಜೇಡನ ಕಾಲು ಹರಡಿದಂತೆ ಹರಡಿ ಕೂರಿಸಬೇಕು. ಕುಡಿ ಎದ್ದಂತೆಲ್ಲ ಮಣ್ಣು ತುಂಬಬೇಕು. ಮೊದಲ ಎರಡು ವರ್ಷ ಒಂದೇ ಒಂದು ಕುಡಿಯನ್ನೂ ಮುಟ್ಟಬಾರದು. ಮೂರನೆಯ ವರ್ಷ ಎರಡು ಮೂರು ವಾರ ಕೊಯ್ಯಬಹುದು, ಆಮೇಲೆ ವರ್ಷಕ್ಕೆ 6ರಿಂದ 8 ವಾರ. ಚಳಿಗೆ ಗರಿಯೆಲ್ಲ ಹಳದಿಯಾಗಿ ಒಣಗಿದ ಮೇಲೆ ಬುಡಕ್ಕೆ ಕತ್ತರಿಸಿ ಸುಮ್ಮನಿರಬೇಕು.

ಇವು ನಿನ್ನೆ ಮೊನ್ನೆಯ ವಿಧಿಗಳಲ್ಲ. ರೋಮಿನ ಕೇಟೋ ಕ್ರಿ.ಪೂ. 2ನೇ ಶತಮಾನದಲ್ಲಿ ಬರೆದ ಬೇಸಾಯದ ಪುಸ್ತಕದ ಕೊನೆಯ ಭಾಗದಲ್ಲಿ ಆಸ್ಪರಾಗಸ್ ಬಿತ್ತುವ ಕ್ರಮ ಬರುತ್ತದೆ. ಇದಕ್ಕೆ ಕುರಿಗೊಬ್ಬರವೇ ಒಳ್ಳೆಯದು, ಬೇರೆ ಗೊಬ್ಬರ ಹಾಕಿದರೆ ಕಳೆ ಹೆಚ್ಚು ಎನ್ನುತ್ತಾನೆ ಆತ. ರಾತ್ರಿಯಿಡೀ ಹೊಲದಲ್ಲಿ ಕುರಿ ನಿಲ್ಲಿಸಿಕೊಂಡು ಕುರುಬರಿಗೆ ಕಾಳು ಕೊಟ್ಟು ಕಳಿಸುವ ನಮ್ಮ ಬಯಲುಸೀಮೆಯ ರೈತರಿಗೆ ಈ ಮಾತು ಹೊಸದೇನೂ ಅನ್ನಿಸಲಾರದು. ನಾನೂ ಕುರಿ ಹಿಕ್ಕೆಯನ್ನೇ ತರಿಸಿದೆ. ಆ ಒಂದು ವಿಷಯದಲ್ಲಿ ಕೇಟೋ ಬೆಂಗಳೂರಿಗೂ ಸಲ್ಲುತ್ತಾನೆ.

ಮಿಕ್ಕ ವಿಧಿಗಳ ಬಗ್ಗೆ ನನಗೆ ತಕರಾರಿದೆ. ತಕರಾರು ಹೇಳುವ ಮೊದಲು ಗಿಡದ ಲೆಕ್ಕಾಚಾರ ತಿಳಿದಿರಬೇಕು. ಆಸ್ಪರಾಗಸ್ಸಿನಲ್ಲಿ ನಾವು ತಿನ್ನುವುದು ನೆಲದಿಂದ ಆಗಷ್ಟೇ ತಲೆ ಹೊರಹಾಕಿದ ಕಾಂಡವನ್ನು. ಬೆರಳುಗಾತ್ರದ ಆ ಕುಡಿಯ ಮೈಗೆ ಅಂಟಿಕೊಂಡಿರುವ ಮೂರು ಮೂಲೆಯ ಹೊಟ್ಟುಗಳೇ ಅದರ ನಿಜವಾದ ಎಲೆ. ಮುಂದೆ ಕುಡಿ ಬಲಿತು ಬಿಚ್ಚಿಕೊಂಡಾಗ ಕಾಣುವ ಹಸಿರು ಸೂಜಿಗಳೆಲ್ಲ ಎಲೆಯ ವೇಷ ಹಾಕಿದ ಕೊಂಬೆಗಳು. ಅಜ್ಜಿಗೆ ಸಬ್ಬಸಿಗೆಯಂತೆ ಕಂಡದ್ದು ಈ ವೇಷವೇ. ಆ ಗರಿ ಬಿಸಿಲಿನಲ್ಲಿ ದುಡಿದು ಸಕ್ಕರೆಯನ್ನು ಬೇರಿಗೆ ಇಳಿಸುತ್ತದೆ. ಹಗ್ಗದಷ್ಟು ದಪ್ಪನೆಯ ಬೇರುಗಳು ಅದನ್ನು ತುಂಬಿಟ್ಟುಕೊಳ್ಳುತ್ತವೆ. ಮುಂದಿನ ಸಲ ಏಳುವ ಕುಡಿ ಪೂರಾ ಈ ಉಳಿತಾಯದ ಮೇಲೆ ಏಳುವಂಥದ್ದು. ಅಂದರೆ ಒಂದೊಂದು ಕುಡಿ ಮುರಿದಾಗಲೂ ನಾವು ಬ್ಯಾಂಕಿನಿಂದ ದುಡ್ಡು ತೆಗೆದಂತೆ. ಗರಿ ಬಿಚ್ಚಿ ನಿಂತಾಗಷ್ಟೇ ಜಮಾ.

ಹೀಗೆ ನೋಡಿದರೆ ಮೊದಲ ಎರಡು ವರ್ಷದ ಉಪವಾಸ ಅರ್ಥವಿಲ್ಲದ ಕಟ್ಟುಪಾಡಲ್ಲ. ಖಾತೆಯೇ ತೆರೆಯದೆ ಚೆಕ್ಕು ಬರೆಯಲಾಗುತ್ತದೆಯೇ? ಯುರೋಪಿನವರು ಇದಕ್ಕಿಂತ ಜಾಣತನ ತೋರಿಸಿರುವುದು ಕೊಯ್ಲು ನಿಲ್ಲಿಸುವುದರಲ್ಲಿ. ಜರ್ಮನಿಯಲ್ಲಿ ಬಿಳಿ ಆಸ್ಪರಾಗಸ್ ಎಂದರೆ ಏಪ್ರಿಲ್ಲಿನಿಂದ ಜೂನಿನ ತನಕ ನಡೆಯುವ ಜಾತ್ರೆ. ಮಣ್ಣು ಏರಿಸಿ, ಬಿಸಿಲು ತಾಗದಂತೆ ಬೆಳೆಸಿದ ಆ ಕುಡಿಗಳಿಗಾಗಿ ಊಟದಂಗಡಿಗಳು ಬೇರೆಯದೇ ಮೆನು ಅಚ್ಚುಹಾಕಿಸುತ್ತವೆ. ಆದರೆ ಜೂನ್ 24ರ ಸಂತ ಯೋಹಾನನ ದಿನ ಬಂತೆಂದರೆ ರೂಢಿಯ ಪ್ರಕಾರ ಕೊಯ್ಲು ಬಂದ್. ಬೇಡಿಕೆ ಇದ್ದರೂ ಬಂದ್. ಅಲ್ಲಿಂದ ಮುಂದೆ ಹಿಮ ಬೀಳುವ ತನಕದ ತಿಂಗಳುಗಳು ಗಿಡದ ಪಾಲು. ಯಾವ ಬೆಳೆಯಲ್ಲೂ ಕೊಯ್ಲು ಯಾವಾಗ ಶುರು ಎನ್ನುವುದಕ್ಕೆ ಹಬ್ಬ ಸಿಗುತ್ತದೆ. ಸಾಕು ಎನ್ನುವುದಕ್ಕೂ ಒಂದು ದಿನ ಗೊತ್ತುಮಾಡಿಟ್ಟ ಬೆಳೆ ನನಗೆ ತಿಳಿದಂತೆ ಕಡಿಮೆ.

ಈಗ ತಕರಾರು. ಜೂನ್ 24ರ ಜಾಣತನ ನಿಂತಿರುವುದು ಡಿಸೆಂಬರಿನ ಹಿಮದ ಮೇಲೆ. ಚಳಿ ಬಂದು ಗರಿಯನ್ನು ಸುಟ್ಟು, ಗಿಡವನ್ನು ಬಲವಂತವಾಗಿ ಮಲಗಿಸುತ್ತದೆ. ಮಲಗಿದ ಗಿಡ ಖರ್ಚು ಮಾಡುವುದಿಲ್ಲ. ವಸಂತ ಬಂದಾಗ ತುಂಬಿದ ಬೇರಿನಿಂದ ದಪ್ಪ ಕುಡಿಗಳು ಒಟ್ಟೊಟ್ಟಿಗೆ ಏಳುತ್ತವೆ. ಬೆಂಗಳೂರಿನಲ್ಲಿ ದಾಖಲಾಗಿರುವ ಅತಿ ಕಡಿಮೆ ಉಷ್ಣತೆ 1884ರ ಜನವರಿ 13ರ 7.8 ಡಿಗ್ರಿ. ನಮ್ಮ ಊರಿಗೆ ಬಂದ ಅತಿ ದೊಡ್ಡ ಚಳಿಯೇ ಅಷ್ಟು. ಈಗಿನ ಜನವರಿಯ ರಾತ್ರಿಗಳು ಸ್ವೆಟರ್ ಹುಡುಕಿಸುತ್ತವೆ, ಹತ್ತು ಗಂಟೆಯ ಬಿಸಿಲಿಗೆ ಅದನ್ನು ಬಿಚ್ಚಿಸುತ್ತವೆ. ಇಂಥ ಕಡೆ ಗಿಡ ಮಲಗುವುದೇ ಇಲ್ಲ. ಬಂದ ಅಷ್ಟಿಷ್ಟು ಆದಾಯವನ್ನು ಕೂಡಿಡದೆ, ವರ್ಷವಿಡೀ ಒಂದಾದ ಮೇಲೊಂದು ತೆಳ್ಳಗಿನ ಕುಡಿ ಕಳಿಸುತ್ತಲೇ ಇರುತ್ತದೆ. ಕೈಪಿಡಿ ಹೇಳುವ 'ಪೆನ್ಸಿಲ್ಲಿಗಿಂತ ತೆಳ್ಳಗಾದರೆ ಕೊಯ್ಲು ನಿಲ್ಲಿಸಿ' ಎಂಬ ಮಾತನ್ನು ಅಕ್ಷರಶಃ ಪಾಲಿಸಿದರೆ ಇಲ್ಲಿ ಕೊಯ್ಲು ಶುರುವಾಗುವುದೇ ಇಲ್ಲ.

ನಾನು ಮೊದಲು ಎಡವಿದ್ದು ಅದಕ್ಕಿಂತ ಹಿಂದೆಯೇ. ಒಂದು ನರ್ಸರಿಯಲ್ಲಿ ಆಸ್ಪರಾಗಸ್ ಗಿಡ ಇದೆಯೇ ಎಂದು ಕೇಳಿದಾಗ, ಓಹೋ ಬೇಕಾದಷ್ಟು ಎಂದು ಎರಡು ಕುಂಡ ಕೊಟ್ಟರು. ಒಂದು ಮದುವೆ ಬೊಕ್ಕೆಗಳಲ್ಲಿ ಗುಲಾಬಿಯ ಹಿಂದೆ ಇಡುವ ಮಂಜಿನಂಥ ಗರಿಯದು, ಇನ್ನೊಂದು ನರಿಬಾಲದಂತೆ ದುಂಡಗೆ ಬೆಳೆಯುವಂಥದ್ದು. ಎರಡೂ ಆಸ್ಪರಾಗಸ್ ಕುಲದವೇ, ಆಫ್ರಿಕದ ಕಡೆಯಿಂದ ಬಂದು ನಮ್ಮ ವರಾಂಡಗಳಲ್ಲಿ ನೆಲೆಯಾದವು. ಹೆಸರಿನಲ್ಲಿ ಮೋಸವಿಲ್ಲ, ತರಕಾರಿ ಮಾತ್ರ ಅವಲ್ಲ. ಆರು ತಿಂಗಳು ಅವಕ್ಕೆ ಭಕ್ತಿಯಿಂದ ಹಿಕ್ಕೆ ಹಾಕಿದ್ದೆ. ಗರಿಗಳು ಸೊಗಸಾಗಿ ಬಂದವು.

ಆಮೇಲೆ ಬೀಜ ತರಿಸಿದೆ. ತಿನ್ನುವ ಆಸ್ಪರಾಗಸ್ಸಿನ ಬೇರುಬುಡ ಸಿಗುವುದು ನಮ್ಮಲ್ಲಿ ಕಷ್ಟ, ಬೀಜವೇ ಗತಿ. ಮೇರಿ ವಾಷಿಂಗ್ಟನ್ ಎಂಬ ಹಳೆಯ ತಳಿ. 1896ರಲ್ಲಿ ಅಮೆರಿಕದ ತೋಟಗಳಿಗೆ ತುಕ್ಕುರೋಗ ಬಿದ್ದು ಬೆಳೆ ನಾಶವಾದ ಮೇಲೆ, ರೋಗ ತಡೆಯಲೆಂದೇ ಅಲ್ಲಿನ ಕೃಷಿ ಇಲಾಖೆ ಬೆಳೆಸಿದ ವಂಶದ್ದು. ಒಂದು ದಿನ ನೀರಿನಲ್ಲಿ ನೆನೆಹಾಕಿ ಊರಿದ ಬೀಜ ಮೂರನೆಯ ವಾರ ಮೊಳೆಯಿತು. ಮೊಳಕೆ ಎಂದರೆ ಹೊಲಿಗೆ ದಾರ. ಎಷ್ಟು ಸಣ್ಣದೆಂದರೆ ನೀರು ಹಾಕುವಾಗ ಉಸಿರು ಹಿಡಿಯಬೇಕು.

ಸಸಿಗಳನ್ನು ಪುಸ್ತಕ ಹೇಳಿದಂತೆ ತೋಡು ತೆಗೆದೇ ನೆಟ್ಟೆ. ನಮ್ಮದು ಕೆಂಪು ಅಂಟುಮಣ್ಣು. ಸೆಪ್ಟೆಂಬರಿನ ಮಳೆ ಒಂದೇ ರಾತ್ರಿಯಲ್ಲಿ ಆ ತೋಡನ್ನು ತೊಟ್ಟಿ ಮಾಡಿಟ್ಟಿತು. ಎರಡು ದಿನ ನೀರು ಇಂಗಲಿಲ್ಲ. ಹತ್ತು ದಿನ ಬಿಟ್ಟು ಒಂದು ಸಸಿ ಎಳೆದರೆ ಬೇರಿನ ಸಿಪ್ಪೆ ಕೈಗೆ ಬಂತು, ಒಳಗಿನ ತಿರುಳು ಲೋಳೆಯಾಗಿತ್ತು. ಇಪ್ಪತ್ತರಲ್ಲಿ ಒಂಬತ್ತು ಉಳಿದವು. ತೋಡಿನ ವಿಧಿ ಮರಳುಮಿಶ್ರಿತ, ನೀರು ಸೋರಿಹೋಗುವ ನೆಲಕ್ಕೆ ಮಾಡಿದ್ದು. ವರ್ಷ ಕಳೆದಂತೆ ಬುಡ ಮೇಲೇರುತ್ತಾ ಬರುತ್ತದೆ, ಅದಕ್ಕೇ ಆಳದಲ್ಲಿ ನೆಡು ಎನ್ನುವ ಕಾರಣ ಸರಿ. ಆ ಕಾರಣವನ್ನು ಇಟ್ಟುಕೊಂಡು ವಿಧಿಯನ್ನು ತಿರುಗಿಸಬೇಕಿತ್ತು: ಏರುಮಡಿ ಮಾಡಿ ಅದರ ಮೇಲೆ ನೆಟ್ಟು, ವರ್ಷವರ್ಷ ಮೇಲಿಂದ ಗೊಬ್ಬರಮಣ್ಣು ಹಾಕುತ್ತಾ ಬರುವುದು. ಈಗ ಹಾಗೇ ಮಾಡಿದ್ದೇನೆ.

ಉಪ್ಪಿನ ವಿಧಿಯ ಬಗ್ಗೆ ಒಂದೇ ಮಾತು. ಆಸ್ಪರಾಗಸ್ ಕಡಲತೀರದ ಮೂಲದ್ದು, ಉಪ್ಪು ತಡೆಯುತ್ತದೆ, ಆದ್ದರಿಂದ ಮಡಿಗೆ ಕಲ್ಲುಪ್ಪು ಚೆಲ್ಲಿದರೆ ಕಳೆ ಸತ್ತು ಗಿಡ ಉಳಿಯುತ್ತದೆ ಎಂದು ಹಳೆಯ ತೋಟಗಾರರು ಹೇಳುತ್ತಿದ್ದರು. ಗಿಡ ತಡೆದುಕೊಳ್ಳುತ್ತದೆ ಎಂದ ಮಾತ್ರಕ್ಕೆ ಅದಕ್ಕೆ ಬೇಕು ಎಂದಲ್ಲ. 30–40ರ ಸೈಟಿನಲ್ಲಿ ಆಸ್ಪರಾಗಸ್ಸಿನ ಪಕ್ಕ ಕರಿಬೇವಿದೆ, ಅದರಾಚೆ ಪಕ್ಕದ ಮನೆಯವರ ದಾಸವಾಳವಿದೆ. ಉಪ್ಪಿಗೆ ಕಾಂಪೌಂಡು ಗೊತ್ತಿಲ್ಲ.

ಇನ್ನು ಚಳಿಯಿಲ್ಲದ ನಾಡುಗಳು ಏನು ಮಾಡುತ್ತವೆ? ಕೈಪಿಡಿಗಳು ಬಾಯಿ ಬಿಡದ ಸಂಗತಿ ಇದೇ, ನನಗೆ ಅತ್ಯಂತ ಉಪಯೋಗಕ್ಕೆ ಬಂದದ್ದೂ ಇದೇ. ಪೆರುವಿನ ಇಕಾ ಕಣಿವೆ ಮರುಭೂಮಿ. ಮಳೆ ಎನ್ನುವುದು ಇಲ್ಲವೆನ್ನುವಷ್ಟು ಕಡಿಮೆ. ಅಲ್ಲಿ ಚಳಿಯ ಕೆಲಸವನ್ನು ನಲ್ಲಿ ಮಾಡುತ್ತದೆ. ನೀರು ನಿಲ್ಲಿಸಿದರೆ ಗರಿ ಒಣಗುತ್ತದೆ, ಗಿಡ ಮಲಗುತ್ತದೆ. ಒಣಗಿದ್ದನ್ನು ಕತ್ತರಿಸಿ ಮತ್ತೆ ನೀರು ಬಿಟ್ಟರೆ ವಸಂತ. ಹೀಗೆ ವರ್ಷಕ್ಕೆ ಎರಡು ಕೊಯ್ಲು ತೆಗೆದು ಪೆರು ಜಗತ್ತಿನ ದೊಡ್ಡ ರಫ್ತುಗಾರನಾಯಿತು. ಆ ನೀರು ಬರುವುದು ಅಂತರ್ಜಲದಿಂದ, ಇಕಾದ ಬಾವಿಗಳು ಆಳಕ್ಕೆ ಆಳಕ್ಕೆ ಹೋಗುತ್ತಿವೆ ಎನ್ನುವುದು ಆ ಯಶಸ್ಸಿನ ಇನ್ನೊಂದು ಮುಖ. ಕೋಲಾರದವರಿಗೆ ಈ ಕಥೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಮನೆಯ ಮಟ್ಟಿಗೆ ನೋಡಿದರೂ ಈ ಉಪಾಯ ನಮಗೆ ಅರ್ಧ ಮಾತ್ರ ಒಗ್ಗುತ್ತದೆ. ಫೆಬ್ರವರಿ, ಮಾರ್ಚಿನಲ್ಲಿ ನೀರು ನಿಲ್ಲಿಸಬಹುದು. ಜೂನಿನಿಂದ ಅಕ್ಟೋಬರಿನವರೆಗೆ ಮೇಲಿನ ನಲ್ಲಿ ನಮ್ಮ ಕೈಯಲ್ಲಿಲ್ಲ.

ತೈವಾನ್ ಹಿಡಿದ ದಾರಿ ಬೇರೆ. ಅದೂ ಬಿಸಿ, ಅದೂ ಮಳೆ. 1970ರ ದಶಕದಲ್ಲಿ ಡಬ್ಬಿಯ ಬಿಳಿ ಆಸ್ಪರಾಗಸ್ಸಿಗೆ ಹೆಸರಾಗಿದ್ದ ಆ ದ್ವೀಪದ ರೈತರು ಗಿಡವನ್ನು ಮಲಗಿಸುವ ಆಸೆಯನ್ನೇ ಕೈಬಿಟ್ಟರು. ಪ್ರತಿ ಬುಡದಲ್ಲೂ ಮೂರರಿಂದ ಐದು ದಪ್ಪ ಕಾಂಡಗಳನ್ನು ಆರಿಸಿ, ಕೊಯ್ಯದೆ, ಪೂರಾ ಗರಿ ಬಿಚ್ಚಲು ಬಿಡುತ್ತಾರೆ. ಇವು ತಾಯಿಕಾಂಡ. ಸುತ್ತ ಏಳುವ ಮಿಕ್ಕ ಕುಡಿಗಳನ್ನೆಲ್ಲ ಕೊಯ್ಯುತ್ತಾರೆ. ತಾಯಿ ದುಡಿಯುತ್ತಿರುತ್ತದೆ, ಮಕ್ಕಳು ಅಡುಗೆಮನೆಗೆ ಹೋಗುತ್ತಿರುತ್ತವೆ. ಎರಡು ಮೂರು ತಿಂಗಳಿಗೆ ತಾಯಿ ಹಳತಾಗಿ ಹಳದಿ ಬಂದಾಗ, ಕೊಯ್ಲಿಗೆ ವಿರಾಮ ಕೊಟ್ಟು ಹೊಸ ತಾಯಂದಿರನ್ನು ನಿಲ್ಲಿಸುತ್ತಾರೆ. ಥೈಲ್ಯಾಂಡಿನವರು ರಫ್ತಿಗೆ ಹಸಿರು ಆಸ್ಪರಾಗಸ್ ಬೆಳೆಯುವುದೂ ಇದೇ ಪದ್ಧತಿಯಲ್ಲಿ.

ಇದನ್ನು ಓದಿದ ದಿನ ನನಗೆ ನೆನಪಾದದ್ದು ಅಮ್ಮ. ತೀರ್ಥಹಳ್ಳಿ ಕಡೆಯ ಅಮ್ಮ ನಮ್ಮ ಮನೆಗೆ ಬಂದಾಗ ಈ ಗಿಡ ನೋಡಿ, "ಇದು ನಮ್ಮ ಹಲವು ಮಕ್ಕಳ ತಾಯಿ ಅಲ್ದನೇ? ಮುಳ್ಳೆಲ್ಲಿ ಹೋತೇ ಮಾರಾಯ್ತಿ?" ಎಂದಿದ್ದಳು. ಶತಾವರಿಗೆ ಕನ್ನಡದಲ್ಲಿ ಇರುವ ಹೆಸರು ಅದು. ಅದೂ ಆಸ್ಪರಾಗಸ್ ಕುಲದ್ದೇ, ಪಶ್ಚಿಮಘಟ್ಟದ ಬೇಲಿಗಳಲ್ಲಿ ಕೊಕ್ಕೆಮುಳ್ಳು ಹಾಕಿಕೊಂಡು ಹತ್ತುವ ಬಳ್ಳಿ. ಅಗೆದರೆ ಒಂದೇ ಬುಡಕ್ಕೆ ಗೊಂಚಲು ಗೊಂಚಲು ಗಡ್ಡೆಬೇರು. ಅವೇ ಆ ಹೆಸರಿನ ಮಕ್ಕಳು. ನಮ್ಮವರು ಕಣ್ಣಿಟ್ಟದ್ದು ನೆಲದ ಕೆಳಗಿನ ಮಕ್ಕಳ ಮೇಲೆ. ಬಾಣಂತಿಗೆ ಹಾಲು ಬರಲೆಂದು ಬೇರು ಅರೆದು ಹಾಲಿನಲ್ಲಿ ಕೊಡುವುದು, ಲೇಹ್ಯ ಮಾಡುವುದು. ತೈವಾನಿನವರು ಕಣ್ಣಿಟ್ಟದ್ದು ಮೇಲಿನ ಮಕ್ಕಳ ಮೇಲೆ. ಒಂದು ವ್ಯತ್ಯಾಸ ಮಾತ್ರ ದೊಡ್ಡದು. ನಾವು ಬೇರು ಅಗೆದಾಗ ತಾಯಿಯೂ ಹೋಗುತ್ತಾಳೆ. ಬೇಸಾಯ ಮಾಡಿದ ಕಡೆ ಎರಡು ವರ್ಷಕ್ಕೋ ಮೂರಕ್ಕೋ ಅಗೆದು ಬುಡದ ಮೊಗ್ಗುಗಳನ್ನು ಮತ್ತೆ ನೆಡುತ್ತಾರೆ. ಕಾಡಿನಿಂದ ಕಿತ್ತು ತಂದವರು ಆ ಗೋಜಿಗೆ ಹೋಗುವುದಿಲ್ಲ. ನಮ್ಮದು ಪರಿಸರದ ಪದ್ಧತಿ, ಪರದೇಶದ್ದು ಹಣದ ಪದ್ಧತಿ ಎಂದು ಹೇಳುವವರು ಈ ಎರಡು ಬುಡಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು.

ತಾಯಿಕಾಂಡದ ಪದ್ಧತಿಗೆ ಬದಲಾದ ಮೇಲೆ ನನ್ನ ಒಂಬತ್ತು ಗಿಡಗಳು ದಾರಿಗೆ ಬಂದವು. ಕುಡಿ ದಪ್ಪವಾಯಿತು. ಹೆಬ್ಬೆರಳಲ್ಲ, ಕಿರುಬೆರಳು. ಆದರೆ ಈ ಪದ್ಧತಿಗೂ ಅದರದೇ ಕಾಟವಿದೆ. ವರ್ಷವಿಡೀ ಹಸಿರು ನಿಂತಿರುವುದರಿಂದ ರೋಗಕ್ಕೂ ವರ್ಷವಿಡೀ ಮನೆ. ಮಳೆಗಾಲದಲ್ಲಿ ಕಾಂಡದ ಬುಡದಲ್ಲಿ ಉದ್ದುದ್ದ ಕಂದು ಮಚ್ಚೆ ಬೀಳುತ್ತದೆ, ಮಚ್ಚೆಯ ನಡುವೆ ಸಾಸಿವೆಗಿಂತ ಸಣ್ಣ ಕಪ್ಪು ಚುಕ್ಕಿ. ಅದು ಕಾಂಡ ಒಣಗಿಸುವ ಶಿಲೀಂಧ್ರ. ಮಳೆಹನಿ ಚಿಮ್ಮಿದಾಗ ಹಳೆಯ ಕೂಳೆಯಿಂದ ಹೊಸ ಕಾಂಡಕ್ಕೆ ಹಾರುತ್ತದೆ. ತೈವಾನಿನಲ್ಲಿ ಇದಕ್ಕೇ ಮಳೆಮರೆ ಕಟ್ಟಿ ಬೆಳೆಯುತ್ತಾರೆ. ನಾನು ಬುಡದ ಕೂಳೆ ತೆಗೆದು ಮನೆಯಿಂದ ಆಚೆ ಹಾಕುತ್ತೇನೆ, ಕಾಂಪೋಸ್ಟಿಗೆ ಸೇರಿಸುವುದಿಲ್ಲ. ಬುಡಕ್ಕೆ ತೆಂಗಿನ ಗರಿಯ ಮುಚ್ಚಿಗೆ ಹಾಕಿದ ಮೇಲೆ ಸ್ವಲ್ಪ ಕಡಿಮೆಯಾಗಿದೆ. ಪೂರಾ ಹೋಗಿಲ್ಲ.

ಇನ್ನೊಂದು ಕಾಟ ಆಫ್ರಿಕದ ದೊಡ್ಡ ಬಸವನಹುಳು. ಬೆಂಗಳೂರಿನ ತೋಟಗಳಲ್ಲಿ ಮಳೆ ಬಿದ್ದ ರಾತ್ರಿ ಟಾರ್ಚು ಹಿಡಿದು ಹೊರಟರೆ ಬಕೆಟ್ ತುಂಬುತ್ತದೆ. ಒಂದು ಬೆಳಿಗ್ಗೆ ನೋಡಿದರೆ ಗೇಣುದ್ದದ ಕುಡಿಯೊಂದು ಕೊಡೆಯ ಹಿಡಿಯಂತೆ ಬಾಗಿ ನಿಂತಿತ್ತು. ಗಾಳಿಗಿರಬೇಕು ಎಂದುಕೊಂಡೆ. ಬಗ್ಗಿ ನೋಡಿದಾಗ ಬಾಗಿದ ಒಳಮೈಯಲ್ಲಿ ಉಜ್ಜಿ ತಿಂದ ಗಾಯ. ಗಾಯವಾದ ಕಡೆ ಬೆಳವಣಿಗೆ ನಿಂತು, ಎದುರು ಮಗ್ಗುಲು ಮಾತ್ರ ಬೆಳೆದು, ಕುಡಿ ಗಾಯದ ಕಡೆಗೇ ಬಾಗುತ್ತದೆ. ತಿನ್ನಲು ಅಡ್ಡಿಯಿಲ್ಲ, ಹೆಂಚಿನ ಮೇಲೆ ಮಲಗಿಸಲು ಕಷ್ಟ.

ಗಂಡು ಹೆಣ್ಣಿನ ವಿಚಾರವೂ ಇದೆ. ಆಸ್ಪರಾಗಸ್ಸಿನಲ್ಲಿ ಗಂಡುಗಿಡ ಬೇರೆ, ಹೆಣ್ಣುಗಿಡ ಬೇರೆ. ಹೆಣ್ಣು ಹಣ್ಣು ಬಿಡುವುದರಲ್ಲಿ ಶಕ್ತಿ ಕಳೆದುಕೊಳ್ಳುತ್ತದೆ, ಗಂಡು ಹೆಚ್ಚು ಕುಡಿ ಕೊಡುತ್ತದೆ ಎಂಬ ಕಾರಣಕ್ಕೆ ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯ ಗಂಡುಗಿಡಗಳನ್ನೇ ಕೊಡುವ ಜರ್ಸಿ ತಳಿಗಳನ್ನು ಮಾಡಿತು. ವಾಣಿಜ್ಯಕ್ಕೆ ಸರಿ. ನನ್ನ ಒಂಬತ್ತರಲ್ಲಿ ಐದು ಹೆಣ್ಣು. ನವೆಂಬರಿನಲ್ಲಿ ಬಟಾಣಿಗಿಂತ ತುಸು ಚಿಕ್ಕ ಕೆಂಪು ಹಣ್ಣು ತೂಗುತ್ತವೆ. ಮನುಷ್ಯರು ತಿನ್ನಬಾರದು, ಮಕ್ಕಳಿದ್ದ ಮನೆಯಲ್ಲಿ ಇದನ್ನು ಹೇಳಿಕೊಟ್ಟಿರಬೇಕು. ಪಿಕಳಾರಗಳಿಗೆ ಆ ಅಂಜಿಕೆ ಇಲ್ಲ. ಅವು ಬರುವ ಹದಿನೈದು ದಿನ ನನಗೆ ಇಳುವರಿಯ ಚಿಂತೆ ಇರುವುದಿಲ್ಲ.

ಇಳುವರಿ ಎಂದಮೇಲೆ ಲೆಕ್ಕ ಕೊಡಬೇಕು. ನಾಲ್ಕನೆಯ ವರ್ಷ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಕ್ಯಾಲೆಂಡರಿನ ಮೇಲೆ ಬರೆಯುತ್ತಾ ಬಂದೆ. ವರ್ಷಕ್ಕೆ ಒಟ್ಟು 1 ಕಿಲೋ 300 ಗ್ರಾಂ. ಒಂದೊಂದು ಸಲಕ್ಕೆ ಏಳೆಂಟು ಕುಡಿ. ನಾಲ್ಕು ಜನರ ಮನೆಯಲ್ಲಿ ಅದು ತರಕಾರಿಯಲ್ಲ, ತೀರ್ಥ. ಅದೇ ಮಡಿಯ ತುದಿಯಲ್ಲಿ ಕೇಳದೆ ಹುಟ್ಟಿದ ಬಸಳೆ ವಾರಕ್ಕೊಂದು ಹುಳಿಗೆ ಆಗುವಷ್ಟು ದಂಟು ಕೊಡುತ್ತದೆ, ಹಿಂದಿನ ನುಗ್ಗೆಮರ ಬೀದಿಗೆಲ್ಲ ಹಂಚುತ್ತದೆ. ಹೊಟ್ಟೆಯ ಲೆಕ್ಕದಲ್ಲಿ ಬೆಂಗಳೂರಿನ ಸೈಟಿನಲ್ಲಿ ಆಸ್ಪರಾಗಸ್ ಸೋತ ಬೆಳೆ. ಟೆರೇಸಿನ ಕುಂಡದಲ್ಲಿ ಬೆಳೆದು ಸ್ವಾವಲಂಬಿಗಳಾಗಿ ಎಂದು ಪ್ರಚಾರ ಮಾಡುವವರ ಮಾತನ್ನು ನಂಬಬೇಡಿ. ಮೀಟರುಗಟ್ಟಲೆ ಹರಡಬೇಕೆನ್ನುವ ಬೇರನ್ನು ಕುಂಡಕ್ಕೆ ತುರುಕಿ ಉಳಿತಾಯ ಮಾಡು ಎಂದರೆ ಅದು ಎಲ್ಲಿ ಇಟ್ಟೀತು? 20 ವರ್ಷದ ಆಶ್ವಾಸನೆಯೂ ಇಲ್ಲಿ ನಡೆಯದು. ವಿಶ್ರಾಂತಿ ಇಲ್ಲದ ಬಿಸಿ ನಾಡಿನಲ್ಲಿ ಗಿಡದ ಆಯಸ್ಸು ಕಡಿಮೆ. ಸತ್ತ ಜಾಗದಲ್ಲೇ ಮತ್ತೆ ನೆಟ್ಟರೂ ಹಳೆಯ ಬೇರಿನ ರೋಗ, ಹಳೆಯ ಬೇರೇ ಬಿಟ್ಟುಹೋದ ವಿಷ ಹೊಸ ಸಸಿಯನ್ನು ಏಳಗೊಡುವುದಿಲ್ಲ.

ಹಾಗಿದ್ದರೆ ಕಿತ್ತು ಹಾಕಿ ಬಸಳೆ ಹಬ್ಬಿಸಬಾರದೇ ಎಂದು ಮನೆಯವರು ಕೇಳಿದ್ದುಂಟು. ಉತ್ತರ ರುಚಿಯಲ್ಲಿದೆ, ಅದನ್ನು ಉತ್ಪ್ರೇಕ್ಷೆ ಮಾಡದೆ ಹೇಳುತ್ತೇನೆ. ಕೊಯ್ದ ಗಳಿಗೆಯಿಂದಲೇ ಆಸ್ಪರಾಗಸ್ಸಿನ ಸಕ್ಕರೆ ಇಳಿಯಲು ಶುರುವಾಗುತ್ತದೆ, ಬುಡದಿಂದ ನಾರು ಏರಲು ಶುರುವಾಗುತ್ತದೆ. ರಸೆಲ್ ಮಾರ್ಕೆಟ್ಟಿನಲ್ಲಿ ರಬ್ಬರ್ ಬ್ಯಾಂಡ್ ಹಾಕಿ ಇಟ್ಟ ಕಟ್ಟು ನಮ್ಮ ಕೈಗೆ ಬರುವ ಹೊತ್ತಿಗೆ ಎಷ್ಟು ದಿನದ್ದೋ. ಅದನ್ನು ತಿಂದು, ಇದಕ್ಕೇನಾ ಇಷ್ಟು ದುಡ್ಡು ಎಂದವರ ಮೇಲೆ ನನಗೆ ಸಿಟ್ಟಿಲ್ಲ. ಮಡಿಯಲ್ಲಿ ಮುರಿದು, ಒಲೆಗೆ ತರುವ ಎರಡು ನಿಮಿಷದಲ್ಲಿ ಹಸಿಯಾಗಿ ಕಚ್ಚಿದರೆ ಎಳೆ ಬಟಾಣಿಯ ಸಿಹಿ, ಹಿಂದೆಯೇ ಹುಲ್ಲಿನ ಒಂದು ವಾಸನೆ. ಹುಳಿಗೆ ಹಾಕಿ ನೋಡಿದೆ, ಬೇಳೆಯಲ್ಲಿ ಕಳೆದುಹೋಯಿತು. ತೆಂಗಿನಕಾಯಿ ಪಲ್ಯ ಪರವಾಗಿಲ್ಲ, ಆದರೆ ಬೀನ್ಸ್ ಹಾಕಿದ್ದರೂ ಅಷ್ಟೇ ಆಗುತ್ತಿತ್ತು. ಕೊನೆಗೆ ಒಪ್ಪಿದ್ದು ದೋಸೆ ಹೆಂಚಿನ ಮೇಲೆ ಚೂರು ತುಪ್ಪ, ಎರಡು ಮೂರು ನಿಮಿಷ, ಉಪ್ಪು. ಮಳೆಗಾಲದಲ್ಲಿ ಅಮ್ಮ ಕಳಲೆಯನ್ನು ಹೆಚ್ಚಿ, ದಿನಾ ನೀರು ಬದಲಿಸಿ ಕಹಿ ತೆಗೆದು ಕಾಯುತ್ತಿದ್ದ ತಾಳ್ಮೆ ನೆಲದಿಂದೇಳುವ ಈ ಇನ್ನೊಂದು ಕುಡಿಗೆ ಅಡುಗೆಮನೆಯಲ್ಲಿ ಬೇಕಿಲ್ಲ. ಇದರ ಕಾಯುವಿಕೆಯೆಲ್ಲ ಹೊಲದಲ್ಲೇ ಮುಗಿದಿರುತ್ತದೆ.

ಅದಕ್ಕೇ ನನ್ನ ಶಿಫಾರಸು ಚಿಕ್ಕದು. ಜಾಗ ಇದ್ದವರು, ಬೇರೆ ಸೊಪ್ಪು ತರಕಾರಿಗೆಲ್ಲ ಇಟ್ಟು ಮಿಕ್ಕ ಬಿಸಿಲಿನ ಅಂಚಿನಲ್ಲಿ ನಾಲ್ಕೈದು ಗಿಡ ಹಾಕಿ. ಏರುಮಡಿ, ಕುರಿಗೊಬ್ಬರ, ತಾಯಿಕಾಂಡ. ಕೈಪಿಡಿಯ ಕೊಯ್ಲಿನ ಪಟ್ಟಿಯನ್ನು ಮಡಚಿಡಿ. ಮಾರ್ಚಿನಲ್ಲಿ ಮೂರು ವಾರ ನೀರು ನಿಲ್ಲಿಸಿ ನೋಡಿ. ಕಿಲೋ ಲೆಕ್ಕ ಹಾಕುವವರು ಬಸಳೆಗೆ ಹೋಗಿ, ನಿಮ್ಮದೇ ಸರಿ.

ಈ ವಾರ ನಾಲ್ಕನೆಯ ಗಿಡದ ಹಳೆಯ ತಾಯಿಗೆ ಬುಡದಿಂದ ಹಳದಿ ಹತ್ತಿದೆ. ಪಕ್ಕದಲ್ಲಿ ಒಂದೇ ದಿನದಲ್ಲಿ ಎರಡು ಕುಡಿ ಎದ್ದಿವೆ. ಒಂದು ನೆಟ್ಟಗೆ, ತುದಿ ನೇರಳೆ ಬಣ್ಣಕ್ಕೆ ತಿರುಗಿ, ಈ ಗಿಡ ಇಷ್ಟು ದಿನದಲ್ಲಿ ಕೊಟ್ಟ ಅತಿ ದಪ್ಪದ್ದು. ಇನ್ನೊಂದು ತೆಳ್ಳಗೆ, ಬಸವನಹುಳು ಮುಟ್ಟಿ ಸೊಟ್ಟಗಾದದ್ದು. ದಪ್ಪದ್ದನ್ನು ತಾಯಿಯಾಗಿ ನಿಲ್ಲಿಸಬೇಕು, ಸೊಟ್ಟದ್ದನ್ನು ತಿನ್ನಬೇಕು, ಪದ್ಧತಿ ಅದೇ. ಚಾಕು ಹಿಡಿದು ಕೂತಿದ್ದಾಗ ಗೇಟಿನ ಹತ್ತಿರ ಬುಟ್ಟಿ ಇಳಿಸಿದ ಸದ್ದಾಯಿತು. "ಈ ವರ್ಷನಾದ್ರೂ ತಿಂದ್ಯೇನಮ್ಮಾ ಆ ಸಬ್ಸಿಗೇನ?" ಸೊಟ್ಟದ್ದನ್ನು ಮುರಿದು ಅಜ್ಜಿಯ ಕೈಗೆ ಕೊಟ್ಟೆ. ಅವರು ಸೆರಗಿನಲ್ಲಿ ಒರೆಸಿ, ಮುಂದಿನ ಹಲ್ಲಿಲ್ಲದ ಬಾಯಿಯ ಪಕ್ಕದಿಂದ ಒಂದು ಚೂರು ಕಚ್ಚಿ, ಸ್ವಲ್ಪ ಹೊತ್ತು ಅಗಿದರು. "ಪರವಾಗಿಲ್ಲ, ಎಳೇದೈತೆ," ಎಂದು ಉಳಿದದ್ದನ್ನು ಎಲೆಅಡಿಕೆ ಚೀಲಕ್ಕೆ ಹಾಕಿಕೊಂಡು, "ದಂಟಿನ ಸೊಪ್ಪು ತಂದಿದೀನಿ, ಎಷ್ಟು ಕಟ್ಟು ಬೇಕು?" ಅಂದರು.